ಸಿಟ್‌ಕಾಂ ನಟರು: ವಾರದ ದುಡಿಮೆ, ಮರುಪ್ರಸಾರದ ಬದುಕು

ಸನ್ನಿವೇಶವೇ ನಗೆಯ ಮೂಲವಾಗಿರುವ ಧಾರಾವಾಹಿಗೆ ಸಿಟ್‌ಕಾಂ ಎನ್ನುತ್ತಾರೆ. ಒಂದು ಮನೆ, ಕಚೇರಿ ಅಥವಾ ಕಾಫಿ ಅಂಗಡಿ, ಅಲ್ಲಿ ನಾಲ್ಕಾರು ಜನ, ವಾರಕ್ಕೊಂದು ಪೇಚು. ಕಂತು ಮುಗಿಯುವಷ್ಟರಲ್ಲಿ ಪೇಚು ಬಗೆಹರಿಯುತ್ತದೆ, ಜನ ಮಾತ್ರ ಇದ್ದ ಹಾಗೆಯೇ ಇದ್ದು ಮುಂದಿನ ವಾರಕ್ಕೆ ದಾಟುತ್ತಾರೆ. ಸಿಟ್‌ಕಾಂ ನಟರ ವೃತ್ತಿ ಉಳಿದ ನಟರ ವೃತ್ತಿಗಿಂತ ಬೇರೆಯಾಗುವುದು ಇಲ್ಲಿಯೇ. ಸಿನಿಮಾ ನಟ ಒಂದು ಪಾತ್ರವನ್ನು ಕೆಲವು ತಿಂಗಳಲ್ಲಿ ಮುಗಿಸಿ ಕಳಚಿಟ್ಟು ಹೋಗಬಹುದು. ಸಿಟ್‌ಕಾಂ ನಟ ಒಂದೇ ಪಾತ್ರದಲ್ಲಿ ಏಳು, ಹತ್ತು, ಕೆಲವೊಮ್ಮೆ ಇಪ್ಪತ್ತು ವರ್ಷ ಬಾಳುತ್ತಾನೆ. ಚಿತ್ರೀಕರಣ ನಿಂತ ಮೇಲೂ ಮರುಪ್ರಸಾರದಲ್ಲಿ ಅದೇ ಹೆಸರು, ಅದೇ ವಯಸ್ಸು ಹೊತ್ತು ಜನರ ಮನೆಗೆ ಬರುತ್ತಲೇ ಇರುತ್ತಾನೆ. ಈ ವೃತ್ತಿ ಪೂರ್ತಿಯಾಗಿ ರೂಪುಗೊಂಡದ್ದು ಅಮೆರಿಕದಲ್ಲಿ, ಅದರಲ್ಲೂ ಲಾಸ್ ಏಂಜಲೀಸಿನ ಸ್ಟುಡಿಯೋಗಳಲ್ಲಿ. ಅಲ್ಲಿ ನಟರಿಗೆ ಅನ್ನ ಕೊಟ್ಟದ್ದೂ ಮರುಪ್ರಸಾರವೇ, ಅವರನ್ನು ಕಟ್ಟಿಹಾಕಿದ್ದೂ ಅದೇ.

ಈ ವ್ಯವಸ್ಥೆಯ ಮೂಲದಲ್ಲಿ ಇರುವವರು ಲುಸಿಲ್ ಬಾಲ್. 1911ರಲ್ಲಿ ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ ಹುಟ್ಟಿದ ಅವರು ಹಾಲಿವುಡ್‌ನಲ್ಲಿ ವರ್ಷಗಟ್ಟಲೆ ದುಡಿದರೂ ಸಿಕ್ಕಿದ್ದು ಹೆಚ್ಚಾಗಿ ಸಣ್ಣ ಬಜೆಟ್ಟಿನ ಚಿತ್ರಗಳು. 1948ರಲ್ಲಿ ಸಿಬಿಎಸ್ ರೇಡಿಯೋದಲ್ಲಿ ಶುರುವಾದ ‘ಮೈ ಫೇವರಿಟ್ ಹಸ್ಬೆಂಡ್’ ಎಂಬ ನಗೆನಾಟಕ ಅವರ ಹಾಸ್ಯಪ್ರಜ್ಞೆಯನ್ನು ಬೆಳಕಿಗೆ ತಂದಿತು. ಅಂಥದ್ದೇ ಕಾರ್ಯಕ್ರಮವನ್ನು ಟೆಲಿವಿಷನ್ನಿಗೂ ಮಾಡಿಕೊಡಿ ಎಂದು ಸಿಬಿಎಸ್ ಕೇಳಿದಾಗ, ಗಂಡನ ಪಾತ್ರಕ್ಕೆ ತಮ್ಮ ಗಂಡನೇ, ಕ್ಯೂಬಾ ಮೂಲದ ಬ್ಯಾಂಡ್ ನಾಯಕ ಡೆಸಿ ಅರ್ನಾಜ್ ಅವರೇ ಬೇಕೆಂದು ಬಾಲ್ ಹಟ ಹಿಡಿದರು. ಅಮೆರಿಕನ್ ಹೆಂಡತಿಗೆ ಕ್ಯೂಬಾದ ಗಂಡನೆಂದರೆ ನೋಡುಗರು ಒಪ್ಪಲಾರರು ಎಂದು ಕಂಪನಿ ಹಿಂಜರಿಯಿತು. ಇಬ್ಬರೂ 1950ರಲ್ಲಿ ಊರೂರಿನ ರಂಗಮಂದಿರಗಳಲ್ಲಿ ಜೋಡಿಯಾಗಿ ಪ್ರದರ್ಶನ ಕೊಟ್ಟು, ಜನ ಒಪ್ಪುತ್ತಾರೆಂದು ಮಾಡಿ ತೋರಿಸಿದರು. ‘ಐ ಲವ್ ಲೂಸಿ’ 1951ರ ಅಕ್ಟೋಬರ್ 15ರಂದು ಪ್ರಸಾರ ಆರಂಭಿಸಿದಾಗ ಬಾಲ್ ಅವರಿಗೆ 40 ವರ್ಷ. ಸಿನಿಮಾ ನಾಯಕಿಯರು ತೆರೆಮರೆಗೆ ಸರಿಯುತ್ತಿದ್ದ ವಯಸ್ಸಿನಲ್ಲಿ ಅವರ ನಿಜವಾದ ವೃತ್ತಿಜೀವನ ಶುರುವಾಯಿತು.

ಆಗಿನ ಕಾರ್ಯಕ್ರಮಗಳು ಬಹುಮಟ್ಟಿಗೆ ನ್ಯೂಯಾರ್ಕಿನಿಂದ ನೇರಪ್ರಸಾರವಾಗುತ್ತಿದ್ದವು. ದೂರದ ಊರುಗಳಿಗೆ ಹೋಗುತ್ತಿದ್ದದ್ದು ಟಿ.ವಿ. ಪರದೆಯ ಮೇಲಿಂದ ಚಿತ್ರೀಕರಿಸಿದ ಮಸುಕು ಪ್ರತಿ. ಬಾಲ್ ದಂಪತಿಗೆ ಲಾಸ್ ಏಂಜಲೀಸ್ ಬಿಡಲು ಮನಸ್ಸಿರಲಿಲ್ಲ. ಪ್ರಾಯೋಜಕರಾದ ಸಿಗರೇಟು ಕಂಪನಿಗೆ ಮಸುಕು ಚಿತ್ರ ಬೇಕಿರಲಿಲ್ಲ. ಕಂತುಗಳನ್ನು 35 ಮಿ.ಮೀ. ಫಿಲ್ಮಿನಲ್ಲಿ ತೆಗೆಯುವುದೆಂದು ತೀರ್ಮಾನವಾಯಿತು. ಅದರಿಂದ ಏರಿದ ಖರ್ಚಿಗೆ ಪ್ರತಿಯಾಗಿ ದಂಪತಿ ತಮ್ಮ ಸಂಭಾವನೆ ಇಳಿಸಿಕೊಂಡು, ಫಿಲ್ಮುಗಳ ಒಡೆತನವನ್ನು ತಮ್ಮ ‘ಡೆಸಿಲು’ ಕಂಪನಿಗೆ ಬರೆಸಿಕೊಂಡರು. ಒಮ್ಮೆ ತೋರಿಸಿದ ಕಂತಿಗೆ ಮುಂದೆ ಬೆಲೆಯಿರುತ್ತದೆಂದು ಆಗ ಯಾರೂ ಹೆಚ್ಚಾಗಿ ಎಣಿಸಿರಲಿಲ್ಲ. ಜನರ ಮುಂದೆ ಅಭಿನಯಿಸಿದರೆ ಬಾಲ್ ಅರಳುತ್ತಿದ್ದರು. ಹೀಗಾಗಿ ಸ್ಟುಡಿಯೋದಲ್ಲೇ ಪ್ರೇಕ್ಷಕರನ್ನು ಕೂರಿಸಿ, ಮೂರು ಕ್ಯಾಮೆರಾಗಳನ್ನು ಏಕಕಾಲಕ್ಕೆ ಓಡಿಸುವ ಏರ್ಪಾಡಾಯಿತು. ಎಲ್ಲ ಕೋನಕ್ಕೂ ಹೊಂದುವ ಬೆಳಕನ್ನು ರೂಪಿಸಿದವರು ಜರ್ಮನಿಯಲ್ಲಿ ‘ಮೆಟ್ರೋಪೊಲಿಸ್’ ಚಿತ್ರಕ್ಕೆ ಕ್ಯಾಮೆರಾ ಹಿಡಿದಿದ್ದ ಕಾರ್ಲ್ ಫ್ರಾಯಿಂಡ್. ಎರಡನೆಯ ಸರಣಿಯಲ್ಲಿ ಬಾಲ್ ಗರ್ಭಿಣಿಯಾದಾಗ ಅದನ್ನು ಮರೆಮಾಚದೆ ಕಥೆಯೊಳಗೇ ತಂದರು. 1953ರ ಜನವರಿ 19ರಂದು ಲೂಸಿ ಗಂಡುಮಗು ಹೆತ್ತ ಕಂತನ್ನು ಸುಮಾರು 4.4 ಕೋಟಿ ಜನ ನೋಡಿದರು. ಬಾಲ್ ಅವರಿಗೂ ಅದೇ ದಿನ ಗಂಡುಮಗುವಾಯಿತು.

ಧಾರಾವಾಹಿ 1957ರಲ್ಲಿ ಮುಗಿಯಿತು. ಫಿಲ್ಮುಗಳ ಹಕ್ಕನ್ನು ಸಿಬಿಎಸ್ ಲಕ್ಷಾಂತರ ಡಾಲರ್ ಕೊಟ್ಟು ಕೊಂಡಿತು. ಬಾಲ್ ಹಿಂದೆ ಸಂಬಳಕ್ಕೆ ದುಡಿದಿದ್ದ ಆರ್‌ಕೆಓ ಸ್ಟುಡಿಯೋವನ್ನು ಅದೇ ವರ್ಷ ಡೆಸಿಲು ಖರೀದಿಸಿತು. ವಿಚ್ಛೇದನದ ನಂತರ, 1962ರಲ್ಲಿ ಅರ್ನಾಜ್ ಅವರ ಪಾಲನ್ನೂ ಕೊಂಡು ಬಾಲ್ ಒಬ್ಬರೇ ಆ ಕಂಪನಿಯ ಮುಖ್ಯಸ್ಥೆಯಾದರು. ‘ಸ್ಟಾರ್ ಟ್ರೆಕ್’ ಹುಟ್ಟಿದ್ದು ಅವರ ಒಡೆತನದ ಆ ಅಂಗಳದಲ್ಲಿ. ನಗೆಗಾರ್ತಿಯೆಂದಷ್ಟೇ ನೆನೆದರೆ ಅವರ ಸಾಧನೆಯ ಅರ್ಧಭಾಗ ಕಣ್ಣಿಗೆ ಬೀಳುವುದೇ ಇಲ್ಲ. ಪಕ್ಕದ ಮನೆಯ ದಂಪತಿಯಾಗಿ ನಟಿಸಿದ ವಿವಿಯನ್ ವ್ಯಾನ್ಸ್ ಮತ್ತು ವಿಲಿಯಂ ಫ್ರಾಲಿ ಸೆಟ್ಟಿನ ಹೊರಗೆ ಒಬ್ಬರನ್ನೊಬ್ಬರು ಸಹಿಸುತ್ತಿರಲಿಲ್ಲ. ತಮಗಿಂತ 22 ವರ್ಷ ಹಿರಿಯನಿಗೆ ಹೆಂಡತಿಯಾಗಬೇಕಾದ ಬೇಸರ ವ್ಯಾನ್ಸ್ ಅವರಿಗೆ ಕೊನೆಯವರೆಗೂ ಇತ್ತು. ಆದರೂ ಪರದೆಯ ಮೇಲೆ ಆ ಜೋಡಿಯ ಹೊಂದಾಣಿಕೆಯಲ್ಲಿ ಒಂದು ಎಳೆಯೂ ಸಡಿಲವಾಗಲಿಲ್ಲ.

ಬಾಲ್ ಕಾಲದಲ್ಲಿ ನೆಲೆಗೊಂಡ ವಾರದ ದುಡಿಮೆಯ ಕ್ರಮ, ಪ್ರೇಕ್ಷಕರೆದುರು ತೆಗೆಯುವ ಧಾರಾವಾಹಿಗಳಲ್ಲಿ ಇಂದಿಗೂ ಹೆಚ್ಚು ಬದಲಾಗಿಲ್ಲ. ಮೊದಲ ದಿನ ನಟರು, ಬರಹಗಾರರು, ವಾಹಿನಿಯವರು ಮೇಜಿನ ಸುತ್ತ ಕೂತು ಚಿತ್ರಕಥೆಯನ್ನು ಗಟ್ಟಿಯಾಗಿ ಓದುತ್ತಾರೆ. ನಗು ಬರದ ಮಾತುಗಳನ್ನು ಬರಹಗಾರರು ರಾತ್ರಿಯೇ ತಿದ್ದುತ್ತಾರೆ. ಮುಂದಿನ ಎರಡು ದಿನ ತಾಲೀಮು, ಪ್ರತಿ ಸಂಜೆ ನಿರ್ಮಾಪಕರ ಎದುರು ಪೂರ್ತಿ ಪ್ರದರ್ಶನ, ಮತ್ತೆ ತಿದ್ದುಪಡಿ. ನಾಲ್ಕನೆಯ ದಿನ ಯಾರು ಎಲ್ಲಿ ನಿಲ್ಲಬೇಕು, ಯಾವ ಕ್ಯಾಮೆರಾ ಯಾರನ್ನು ಹಿಡಿಯಬೇಕು ಎಂಬ ಲೆಕ್ಕ. ಐದನೆಯ ದಿನ ಸಂಜೆ ಪ್ರೇಕ್ಷಕರು ಬರುತ್ತಾರೆ. ದೃಶ್ಯಗಳ ನಡುವಿನ ಬಿಡುವಿನಲ್ಲಿ ಅವರ ಹುರುಪು ಇಳಿಯದಂತೆ ನೋಡಿಕೊಳ್ಳಲೆಂದೇ ಒಬ್ಬ ಹಾಸ್ಯಗಾರನಿರುತ್ತಾನೆ. ನಡುರಾತ್ರಿಯಾದರೂ ಚಿತ್ರೀಕರಣ ನಡೆಯುವುದುಂಟು. ಇಷ್ಟೆಲ್ಲದರಿಂದ ಹೊರಬರುವುದು ಸುಮಾರು 22 ನಿಮಿಷದ ಕಂತು. ದಶಕಗಳ ಕಾಲ ವರ್ಷಕ್ಕೆ ಅಂಥವು ಇಪ್ಪತ್ತಕ್ಕೂ ಹೆಚ್ಚು ಬರುತ್ತಿದ್ದವು.

ಈ ಕ್ರಮ ನಟನಿಂದ ಎರಡು ಬಗೆಯ ಪ್ರಾವೀಣ್ಯ ಬೇಡುತ್ತದೆ. ಎದುರಿಗಿರುವ ಇನ್ನೂರು-ಮುನ್ನೂರು ಜನರಿಗೆ ಮಾತು ಮುಟ್ಟಬೇಕು. ಹಾಗೆಂದು ಮುಖದ ಹತ್ತಿರವಿರುವ ಕ್ಯಾಮೆರಾಕ್ಕೆ ಅದು ಅತಿಯೆನಿಸಲೂ ಬಾರದು. ನಗು ಏಳುವಾಗ ತಡೆದು ನಿಂತು, ಅದು ಪೂರ್ತಿ ಆರುವ ಮುನ್ನವೇ ಮುಂದಿನ ಮಾತು ಎತ್ತಬೇಕು. ಕಂಪನಿ ನಾಟಕಗಳ ಹಾಸ್ಯಪಾತ್ರಧಾರಿಗಳು ಚಪ್ಪಾಳೆಯ ಇಳಿತ ನೋಡಿ ಮಾತು ಎತ್ತುತ್ತಿದ್ದ ಹಾಗೆಯೇ ಇದೂ ಕಿವಿಯಿಂದ ಕಲಿಯುವ ವಿದ್ಯೆ. ಸಾಲದ್ದಕ್ಕೆ, ಮಾತು ಕಡೆಯ ಗಳಿಗೆಯಲ್ಲೂ ಬದಲಾಗುತ್ತದೆ: ಒಂದು ಚಟಾಕಿ ಬೀಳದಿದ್ದರೆ ಬರಹಗಾರರು ಸೆಟ್ಟಿನ ಮೂಲೆಯಲ್ಲಿ ಗುಂಪುಗೂಡಿ ಹೊಸದನ್ನು ಕೊಡುತ್ತಾರೆ, ನಟ ಅದನ್ನು ಆಗಲೇ ಬಾಯಿಪಾಠ ಮಾಡಿ ಒಪ್ಪಿಸಬೇಕು. ಹಗುರವಾಗಿ ಕಾಣುವ ಈ ಅಭಿನಯ ರಂಗಭೂಮಿಯ ಅತ್ಯಂತ ಕಠಿಣ ಕೆಲಸಗಳ ಸಾಲಿಗೆ ಸೇರಬೇಕಾದದ್ದು. ವಿಮರ್ಶಕರು ಅದಕ್ಕೆ ಆ ಮನ್ನಣೆ ಕೊಟ್ಟದ್ದು ಅಪರೂಪ.

ಈ ಕೆಲಸ ಸಿಗುವ ದಾರಿಯೂ ಇಕ್ಕಟ್ಟಿನದು. ದಶಕಗಳ ಕಾಲ ವಾಹಿನಿಗಳು ವರ್ಷದ ಮೊದಲ ತಿಂಗಳುಗಳಲ್ಲಿ ಹತ್ತಾರು ಪ್ರಾಯೋಗಿಕ ಕಂತುಗಳನ್ನು ಮಾಡಿಸಿ, ಮೇ ತಿಂಗಳಲ್ಲಿ ಕೆಲವನ್ನಷ್ಟೇ ಆರಿಸುತ್ತಿದ್ದವು. ವಾಹಿನಿಯ ಮುಖ್ಯಸ್ಥರೆದುರು ಕೊನೆಯ ಪರೀಕ್ಷೆಗೆ ಹೋಗುವ ಮೊದಲೇ ನಟ ಆರೇಳು ವರ್ಷದ ಕರಾರಿಗೆ ಸಹಿ ಹಾಕಿರಬೇಕು. ಪಾತ್ರ ಸಿಗುತ್ತದೋ ಇಲ್ಲವೋ ತಿಳಿಯುವ ಮೊದಲೇ ಆರು ವರ್ಷದ ನಂತರದ ಸಂಬಳ ನಿಗದಿಯಾಗಿರುತ್ತದೆ. ಹೀಗೆ ಬಂದ ‘ಫ್ರೆಂಡ್ಸ್’ ತಂಡದ ಆರು ಮಂದಿಯನ್ನು ನಿರ್ದೇಶಕ ಜೇಮ್ಸ್ ಬರೋಸ್ 1994ರಲ್ಲಿ, ಪ್ರಸಾರಕ್ಕೆ ಮುನ್ನವೇ ಲಾಸ್ ವೇಗಸ್‌ಗೆ ಕರೆದೊಯ್ದು, ಯಾರೂ ಗುರುತಿಸದೆ ಓಡಾಡಲು ಇದೇ ಕೊನೆಯ ಅವಕಾಶವೆಂದು ಹೇಳಿದ್ದರು. ಅವರ ಮಾತು ಕೆಲವೇ ತಿಂಗಳಲ್ಲಿ ನಿಜವಾಯಿತು. ಆ ಆರು ಮಂದಿಯಲ್ಲಿ ಮ್ಯಾಥ್ಯೂ ಪೆರಿ ಅವರು ಆ ಖ್ಯಾತಿಯ ವರ್ಷಗಳುದ್ದಕ್ಕೂ ಮದ್ಯ ಮತ್ತು ನೋವುನಿವಾರಕ ಗುಳಿಗೆಗಳ ಚಟದೊಂದಿಗೆ ಹೋರಾಡಿದರು. 2022ರಲ್ಲಿ ಆ ಹೋರಾಟವನ್ನು ಆತ್ಮಕಥೆಯಾಗಿ ಬರೆದು, 2023ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಹಣದ ವಿಷಯದಲ್ಲೂ ಆ ತಂಡ ಒಂದು ಹೆಗ್ಗುರುತು. ಆರಂಭದಲ್ಲಿ ಕಂತಿಗೆ ಸುಮಾರು 22,500 ಡಾಲರ್ ಪಡೆಯುತ್ತಿದ್ದವರು ಬಿಡಿಬಿಡಿಯಾಗಿ ಚೌಕಾಸಿ ಮಾಡದೆ, ಎಲ್ಲರಿಗೂ ಸಮಾನ ಸಂಭಾವನೆ ಬೇಕೆಂದು ಒಟ್ಟಾಗಿ ನಿಂತರು. ಒಬ್ಬರೇ ಕೇಳಿದ್ದರೆ ಡೇವಿಡ್ ಶ್ವಿಮ್ಮರ್ ಅವರಿಗೆ ಹೆಚ್ಚು ಸಿಗುತ್ತಿತ್ತು. ಅವರೂ ಗುಂಪಿನೊಂದಿಗೇ ಉಳಿದರು. ಕೊನೆಯ ಎರಡು ಸರಣಿಗಳಲ್ಲಿ ತಲಾ ಕಂತಿಗೆ 10 ಲಕ್ಷ ಡಾಲರ್ ಬಂತು, ಮರುಪ್ರಸಾರದ ಲಾಭದಲ್ಲಿ ಪಾಲೂ ದೊರೆಯಿತು. 2017ರಲ್ಲಿ ‘ದ ಬಿಗ್ ಬ್ಯಾಂಗ್ ಥಿಯರಿ’ಯ ಐವರು ಹಳೆಯ ನಟರು, ದೆಹಲಿಯಲ್ಲಿ ಬೆಳೆದ ಕುನಾಲ್ ನಯ್ಯರ್ ಅವರೂ ಸೇರಿ, ತಮ್ಮ ಸಂಭಾವನೆಯಲ್ಲಿ ಕಂತಿಗೆ ಒಂದು ಲಕ್ಷ ಡಾಲರ್ ಇಳಿಸಿಕೊಂಡು, ನಂತರ ಬಂದ ಇಬ್ಬರು ನಟಿಯರ ಸಂಬಳ ಏರಲು ದಾರಿ ಮಾಡಿದರು.

ಇಂಥ ಮೊತ್ತ ಬೆರಳೆಣಿಕೆಯ ಜನರದ್ದು. ಉಳಿದವರನ್ನು ಕಾಪಾಡುವುದು ಮರುಪ್ರಸಾರದ ಪ್ರತಿ ಬಾರಿಗೂ ನಟರಿಗೆ ಸಲ್ಲುವ ಪಾಲು. ಇದು ತಾನಾಗಿ ಬಂದದ್ದಲ್ಲ, ನಟರ ಸಂಘ ಹೋರಾಡಿ ಪಡೆದದ್ದು. ಮೊದಮೊದಲು ಕೆಲವೇ ಮರುಪ್ರಸಾರಗಳಿಗೆ ಮಾತ್ರ ಹಣ ಸಿಗುತ್ತಿತ್ತು. ಎಷ್ಟು ಬಾರಿ ತೋರಿಸಿದರೂ ಕೊಡಬೇಕೆಂಬ ನಿಯಮ ಬಂದದ್ದು 1974ರ ಒಪ್ಪಂದದಲ್ಲಿ. ಅದಕ್ಕೂ ಮೊದಲಿನ ‘ಗಿಲಿಗನ್ಸ್ ಐಲೆಂಡ್’ 1964ರಿಂದ 1967ರವರೆಗೆ 98 ಕಂತು ನಡೆದು, ಆಮೇಲೆ ದಶಕಗಟ್ಟಲೆ ಮರುಪ್ರಸಾರವಾಯಿತು. ಗಿಲಿಗನ್ ಆಗಿದ್ದ ಬಾಬ್ ಡೆನ್ವರ್ ಆಮೇಲೆ ಹೆಚ್ಚಾಗಿ ಆ ಮುಖದಿಂದಲೇ ಜನರ ನೆನಪಿನಲ್ಲಿ ಉಳಿದರು. ಆ ಮುಖ ದುಡಿದುಕೊಟ್ಟದ್ದರಲ್ಲಿ ನಟರಿಗೆ ಬಂದದ್ದೂ ಅತ್ಯಲ್ಪ. ಆ ಕಾಲದ ಕರಾರುಗಳ ಅನ್ಯಾಯ ಇಷ್ಟು ಸ್ಪಷ್ಟವಾಗಿ ಕಾಣುವ ಉದಾಹರಣೆ ಇನ್ನೊಂದಿಲ್ಲ. ‘ದ ಕಾಸ್ಬಿ ಶೋ’ದಲ್ಲಿ ಅಳಿಯನಾಗಿದ್ದ ಜೆಫ್ರಿ ಓವೆನ್ಸ್ 2018ರಲ್ಲಿ ನ್ಯೂಜೆರ್ಸಿಯ ದಿನಸಿ ಮಳಿಗೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಫೋಟೋ ಸುದ್ದಿಯಾಯಿತು. ನಾಯಕ ನಟನ ಮೇಲಿನ ಆರೋಪಗಳಿಂದ ಆ ಧಾರಾವಾಹಿಯನ್ನು ವಾಹಿನಿಗಳು ಕೈಬಿಟ್ಟಾಗ, ಓವೆನ್ಸ್ ಅವರಂಥವರಿಗೆ ಬರುತ್ತಿದ್ದ ಪಾಲೂ ಕಡಿಮೆಯಾಗಿತ್ತು. ಅವರನ್ನು ಹೀಯಾಳಿಸಹೊರಟವರ ವಿರುದ್ಧ ನೂರಾರು ನಟರು ತಾವು ಮಾಡಿದ ಬೇರೆ ಕೆಲಸಗಳನ್ನು ಹೇಳಿಕೊಂಡು ಬೆಂಬಲಕ್ಕೆ ನಿಂತರು. ಭಾರತದ ಕಿರುತೆರೆಯಲ್ಲಿ ಸಾಮಾನ್ಯವಾಗಿ ದಿನದ ಲೆಕ್ಕದ ಸಂಭಾವನೆ. ಮರುಪ್ರಸಾರದ ಪಾಲು ಕೊಡುವ ರೂಢಿ ಇಲ್ಲಿ ಇನ್ನೂ ಬೆಳೆದಿಲ್ಲ.

ಪಾತ್ರ ಅಂಟಿಕೊಳ್ಳುವ ವಿಷಯದಲ್ಲಿ ಮಾತ್ರ ಎಲ್ಲ ನಾಡೂ ಒಂದೇ. 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ‘ಸಿಹಿ ಕಹಿ’ಯಿಂದ ಚಂದ್ರು ಮತ್ತು ಗೀತಾ ಇಂದಿಗೂ ಸಿಹಿ ಕಹಿ ಚಂದ್ರು, ಸಿಹಿ ಕಹಿ ಗೀತಾ. ಚಂದ್ರು ಮುಂದೆ ‘ಪಾಪ ಪಾಂಡು’ ನಿರ್ದೇಶಿಸಿ ಹೊಸ ತಲೆಮಾರಿನ ನಗೆನಟರನ್ನು ಬೆಳೆಸಿದರೂ ಆ ಹೆಸರು ಜೊತೆಯಲ್ಲೇ ಬಂತು. ಸಿನಿಮಾ ನಾಯಕರಾದ ಮೇಲೂ ರವಿಶಂಕರ್ ಗೌಡ ಜನರ ಬಾಯಲ್ಲಿ ‘ಸಿಲ್ಲಿ ಲಲ್ಲಿ’ಯ ಡಾಕ್ಟರೇ. ಅಮೆರಿಕದಲ್ಲಿ ಕೆಲ್ಸಿ ಗ್ರ್ಯಾಮರ್ ಈ ಅಂಟನ್ನೇ ಬದುಕಾಗಿಸಿಕೊಂಡರು: 1984ರಲ್ಲಿ ‘ಚಿಯರ್ಸ್’ಗೆ ಸಣ್ಣ ಪಾತ್ರವಾಗಿ ಬಂದ ಮನೋವೈದ್ಯ ಫ್ರೇಸಿಯರ್, ಸ್ವಂತ ಧಾರಾವಾಹಿ ಪಡೆದು 2004ರವರೆಗೆ, ಸತತ ಇಪ್ಪತ್ತು ವರ್ಷ ಉಳಿದ. ಜೂಲಿಯಾ ಲೂಯಿ-ಡ್ರೇಫಸ್ ಹಿಡಿದದ್ದು ವಿರುದ್ಧ ದಾರಿ. ‘ಸೈನ್‌ಫೆಲ್ಡ್’ 1998ರಲ್ಲಿ ಮುಗಿದ ನಂತರದ ಮೊದಲ ಪ್ರಯತ್ನ ಸೋತರೂ ಬಿಡದೆ, ‘ವೀಪ್’ ಧಾರಾವಾಹಿಯ ಒಂದೇ ಪಾತ್ರಕ್ಕೆ ಸತತ ಆರು ಎಮ್ಮಿ ಪ್ರಶಸ್ತಿ ಪಡೆದರು. ಕೆಲವರು ಕ್ಯಾಮೆರಾದ ಹಿಂದೆ ಸರಿದು ಬಿಡುಗಡೆ ಕಂಡರು. ‘ಲವರ್ನ್ ಅಂಡ್ ಶರ್ಲಿ’ಯ ಪೆನಿ ಮಾರ್ಷಲ್, ‘ಹ್ಯಾಪಿ ಡೇಸ್’ನ ರಾನ್ ಹೊವರ್ಡ್ ಹೆಸರಾಂತ ಚಿತ್ರನಿರ್ದೇಶಕರಾದದ್ದು ಹೀಗೆ.

ವಯಸ್ಸಾದ ನಟಿಯರಿಗೆ ಸಿನಿಮಾ ಕೊಡದ ಜಾಗವನ್ನು ಸಿಟ್‌ಕಾಂ ಕೊಟ್ಟಿದೆ. 1985ರಲ್ಲಿ ಆರಂಭವಾದ ‘ದ ಗೋಲ್ಡನ್ ಗರ್ಲ್ಸ್’ನ ನಾಲ್ವರು ನಾಯಕಿಯರೂ ಎಮ್ಮಿ ಗೆದ್ದರು, ಅದರಲ್ಲಿ ಬೀ ಆರ್ಥರ್ ಅವರ ತಾಯಿಯಾಗಿದ್ದ ಎಸ್ಟೆಲ್ ಗೆಟ್ಟಿ ನಿಜದಲ್ಲಿ ಮಗಳಿಗಿಂತ ಒಂದು ವರ್ಷ ಚಿಕ್ಕವರು. ಆದರೆ ಪಾತ್ರದ ಮೇಲೆ ನಟರಿಗೆ ಅಧಿಕಾರ ಕಡಿಮೆ. ಕಪ್ಪು ಜನರ ಕುಟುಂಬದ ಕಥೆಯಾಗಿದ್ದ ‘ಗುಡ್ ಟೈಮ್ಸ್’ನಲ್ಲಿ ಹಿರಿಮಗನ ಕೋಡಂಗಿತನಕ್ಕೇ ಒತ್ತು ಸಿಗುತ್ತಿದೆ, ಓದುವ ಮಕ್ಕಳು ಮೂಲೆಗೆ ಸರಿದಿದ್ದಾರೆ ಎಂದು ತಂದೆಯ ಪಾತ್ರಧಾರಿ ಜಾನ್ ಆಮೋಸ್ ಆಕ್ಷೇಪಿಸಿದರು. 1976ರಲ್ಲಿ ಅವರನ್ನು ಕೈಬಿಟ್ಟು, ಪಾತ್ರ ಅಪಘಾತದಲ್ಲಿ ಸತ್ತಂತೆ ಬರೆಯಲಾಯಿತು.

ಈ ವೃತ್ತಿಯಲ್ಲಿ ಹೆಚ್ಚು ನೋವುಂಡವರು ಮಕ್ಕಳು. ಮೂಕಿ ಚಿತ್ರಗಳ ಬಾಲನಟ ಜಾಕಿ ಕೂಗನ್ ಗಳಿಸಿದ್ದ ಹಣವನ್ನೆಲ್ಲ ತಾಯಿ ಮತ್ತು ಮಲತಂದೆ ಖರ್ಚು ಮಾಡಿದ ಪ್ರಕರಣದಿಂದ 1939ರಲ್ಲಿ ಕ್ಯಾಲಿಫೋರ್ನಿಯಾ ಬಾಲನಟರ ಗಳಿಕೆಯನ್ನು ಕಾಯುವ ಕಾನೂನು ತಂದಿತು. ಅದೇ ಕೂಗನ್ 1960ರ ದಶಕದಲ್ಲಿ ‘ದ ಆಡಮ್ಸ್ ಫ್ಯಾಮಿಲಿ’ಯ ಬೋಳುತಲೆಯ ಫೆಸ್ಟರ್ ಆಗಿ ಮತ್ತೆ ಹೆಸರಾದರು. ಕಾನೂನಿನಲ್ಲಿ ಸಂದುಗಳಿದ್ದವು. 1978ರಿಂದ 1986ರವರೆಗೆ ‘ಡಿಫರೆಂಟ್ ಸ್ಟ್ರೋಕ್ಸ್’ನ ಕಣ್ಮಣಿಯಾಗಿದ್ದ ಗ್ಯಾರಿ ಕೋಲ್ಮನ್ ಬಾಲ್ಯದಿಂದಲೇ ಮೂತ್ರಪಿಂಡದ ಕಾಯಿಲೆಯಲ್ಲಿ ಬಳಲಿದವರು. ತಮ್ಮ ಗಳಿಕೆಗಾಗಿ ಹೆತ್ತವರ ವಿರುದ್ಧ ದಾವೆ ಹೂಡಿ 1993ರಲ್ಲಿ ಸುಮಾರು 13 ಲಕ್ಷ ಡಾಲರ್ ಪಡೆದರು. ಮುಂದೆ ಭದ್ರತಾ ಸಿಬ್ಬಂದಿಯಾಗಿಯೂ ದುಡಿದು, 2010ರಲ್ಲಿ 42ನೆಯ ವಯಸ್ಸಿಗೆ ತೀರಿಕೊಂಡರು. 2000ದಿಂದ ಬಾಲನಟರ ಗಳಿಕೆಯ ಶೇ. 15ರಷ್ಟನ್ನು ಅವರ ಹೆಸರಿನ ಖಾತೆಗೆ ಕಟ್ಟುವುದು ಕಡ್ಡಾಯ. ಶಿಶುಗಳ ಕೆಲಸದ ಗಂಟೆಗೆ ಮಿತಿಯಿರುವುದರಿಂದಲೇ ‘ಫುಲ್ ಹೌಸ್’ನ ಮಗುವಿನ ಪಾತ್ರವನ್ನು ಅವಳಿ ಸಹೋದರಿಯರಾದ ಓಲ್ಸನ್ ಮಕ್ಕಳು ಸರದಿಯಂತೆ ನಿಭಾಯಿಸಿದರು.

2000ದ ನಂತರ ಪ್ರೇಕ್ಷಕರಿಲ್ಲದೆ, ಒಂದೇ ಕ್ಯಾಮೆರಾದಲ್ಲಿ ಸಿನಿಮಾದ ಹಾಗೆ ತೆಗೆಯುವ ಕ್ರಮ ಹೆಚ್ಚಿತು. ‘ಮಾಲ್ಕಂ ಇನ್ ದ ಮಿಡಲ್’ನ ತಂದೆ ಬ್ರಯಾನ್ ಕ್ರ್ಯಾನ್‌ಸ್ಟನ್ ಅಲ್ಲಿಂದ ‘ಬ್ರೇಕಿಂಗ್ ಬ್ಯಾಡ್’ಗೆ ದಾಟಿದ್ದು ಈ ಕಾಲದ ದೊಡ್ಡ ಜಿಗಿತ. ಸ್ಟ್ರೀಮಿಂಗ್ ವೇದಿಕೆಗಳು ಬಂದ ಮೇಲೆ ಸರಣಿಗೆ 8 ಅಥವಾ 10 ಕಂತಷ್ಟೇ ಸಾಮಾನ್ಯವಾಗಿದೆ. ಸ್ಥಳೀಯ ವಾಹಿನಿಗಳಿಗೆ ಮರುಪ್ರಸಾರಕ್ಕೆ ಮಾರಲು ಬೇಕೆಂದು ರೂಢಿಯಲ್ಲಿದ್ದ ನೂರು ಕಂತಿನ ಗುರಿಯನ್ನು ಇವು ಮುಟ್ಟುವುದೇ ಕಷ್ಟ. ನಟರ ಪಾಲೂ ಸೊರಗಿತು. 2023ರ ಜುಲೈ 14ರಿಂದ 118 ದಿನ ಅಮೆರಿಕದ ನಟರು ನಡೆಸಿದ ಮುಷ್ಕರದ ಮುಖ್ಯ ಬೇಡಿಕೆಗಳಲ್ಲಿ ಇದೂ ಒಂದಾಗಿತ್ತು. ವೇದಿಕೆಯ ಅಮೆರಿಕದ ಚಂದಾದಾರರಲ್ಲಿ ಐದರಲ್ಲೊಂದು ಪಾಲಿಗೆ ಸಮನಾದ ವೀಕ್ಷಣೆ ಮೊದಲ 90 ದಿನಗಳಲ್ಲಿ ದಾಖಲಾದರೆ ನಟರಿಗೆ ಹೆಚ್ಚುವರಿ ಹಣ ಕೊಡಬೇಕೆಂಬ ಷರತ್ತು ಮುಷ್ಕರವನ್ನು ಮುಗಿಸಿದ ಒಪ್ಪಂದಕ್ಕೆ ಸೇರಿತು.