ಸ್ವಚ್ಛ ನಗರಿಯ ಗಾಳಿ: ನಂಬಿಕೆ ಏನು, ಅಳತೆ ಏನು?

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ನಡಿಗೆಗೆ ಬಂದವರ ಮಾತಿನಲ್ಲಿ ದೆಹಲಿಯ ಹೊಗೆ, ಬೆಂಗಳೂರಿನ ಧೂಳು ಆಗಾಗ ಬರುತ್ತವೆ. ಮಾತು ಮುಗಿಯುವುದು ಮಾತ್ರ ಒಂದೇ ಸಮಾಧಾನದಲ್ಲಿ: ‘ನಮ್ಮ ಮೈಸೂರಲ್ಲಿ ಬಿಡಿ, ಗಾಳಿ ಚೆನ್ನಾಗಿದೆ’. ಆ ಸಮಾಧಾನ ಪೂರ್ತಿ ಸುಳ್ಳಲ್ಲ. ದೆಹಲಿಗೆ ಹೋಲಿಸಿದರೆ ನಾವು ಪುಣ್ಯವಂತರೇ. ಆದರೆ ಈ ಗಾಳಿಯನ್ನು ಎಲ್ಲಿ ಅಳೆಯುತ್ತಾರೆ, ಹೇಗೆ ಅಳೆಯುತ್ತಾರೆ, ಮೊಬೈಲಿನಲ್ಲಿ ಕಾಣುವ ಸಂಖ್ಯೆಯ ಅರ್ಥವೇನು ಎಂದು ಕೇಳಿದರೆ ಉತ್ತರಿಸುವವರು ಕಡಿಮೆ. ತಕ್ಕಡಿ ನೋಡದೆ ಅಕ್ಕಿ ಕೊಳ್ಳದ ನಾವು ಗಾಳಿಯ ವಿಷಯದಲ್ಲಿ ಮಾತ್ರ ಅಂದಾಜಿನಲ್ಲೇ ಬದುಕುತ್ತಿದ್ದೇವೆ. ಊರಿನಲ್ಲಿ ಓಡಾಡುತ್ತಿರುವ ಕೆಲವು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ದೇಶದ ಸ್ವಚ್ಛ ನಗರ ಎನಿಸಿಕೊಂಡ ಊರಿನ ಗಾಳಿಯೂ ಸ್ವಚ್ಛ.

ಸತ್ಯ: 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ನಡುವೆ ಮೈಸೂರು ಮೊದಲ ಸ್ಥಾನ ಪಡೆಯಿತು. ಅದು ಪೌರಕಾರ್ಮಿಕರ ದುಡಿಮೆಗೆ ಸಂದ ಗೌರವ. ಆದರೆ ಆ ಸಮೀಕ್ಷೆ ನೋಡಿದ್ದು ಮನೆಮನೆಯಿಂದ ಕಸ ಸಂಗ್ರಹ, ಬೀದಿ ಗುಡಿಸುವಿಕೆ, ಕಸ ವಿಲೇವಾರಿ, ಶೌಚಾಲಯ ಇಂಥವನ್ನು. ಗಾಳಿಯಲ್ಲಿ ತೇಲುವ ಕಣಗಳನ್ನು ಅದು ಎಣಿಸಲಿಲ್ಲ. ಗುಡಿಸಿದ ರಸ್ತೆ ಕಣ್ಣಿಗೆ ಚೊಕ್ಕಟವಾಗಿ ಕಾಣುತ್ತದೆ. ಒಣ ರಸ್ತೆಗೆ ಪೊರಕೆ ಹಾಕಿದಾಗ ಏಳುವ ಧೂಳು, ಗುಡ್ಡೆ ಹಾಕಿದ ತರಗೆಲೆಗೆ ಹಚ್ಚಿದ ಬೆಂಕಿಯ ಹೊಗೆ ಗಾಳಿಗೆ ಸೇರುತ್ತವೆ. ನೆಲದ ಸ್ವಚ್ಛತೆಗೆ ಕೊಟ್ಟ ಪ್ರಶಸ್ತಿಯನ್ನು ಗಾಳಿಯ ಪ್ರಮಾಣಪತ್ರವೆಂದು ಓದಬಾರದು.

ತಪ್ಪು ಕಲ್ಪನೆ 2: ಆ್ಯಪ್‌ನಲ್ಲಿ ‘ಮೈಸೂರು’ ಎಂದು ಕಾಣುವ ಸಂಖ್ಯೆ ಇಡೀ ಊರಿನ ಗಾಳಿಯದು.

ಸತ್ಯ: ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್ ತೆರೆದು ನೋಡಿ. ಮೈಸೂರಿನ ಕೆಳಗೆ ಬರುವ ಹೆಸರು ಹೆಬ್ಬಾಳ ಮೊದಲನೇ ಹಂತ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರ ಇರುವುದು ಅಲ್ಲಿ. (ಬೆಂಗಳೂರಿನ ಹೆಬ್ಬಾಳದಲ್ಲೂ ಒಂದು ಕೇಂದ್ರವಿದೆ. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.) ಆ ಯಂತ್ರ ಎಳೆದುಕೊಳ್ಳುವುದು ತನ್ನ ಸುತ್ತಲಿನ ಗಾಳಿಯನ್ನು. ಸಯ್ಯಾಜಿರಾವ್ ರಸ್ತೆಯ ಸಂಜೆಯ ದಟ್ಟಣೆಯಾಗಲಿ, ವಿದ್ಯಾರಣ್ಯಪುರಂನ ಸೂಯೇಜ್ ಫಾರಂ ಪಕ್ಕದ ಮನೆಗಳ ಪಾಡಾಗಲಿ ಅದಕ್ಕೆ ತಿಳಿಯುವುದಿಲ್ಲ.

ಇದರ ಜೊತೆಗೆ ರಾಷ್ಟ್ರೀಯ ವಾಯು ಗುಣಮಟ್ಟ ಮಾಪನ ಕಾರ್ಯಕ್ರಮದಡಿ ಕೆ.ಆರ್. ವೃತ್ತ ಮತ್ತು ಕೈಗಾರಿಕಾ ಪ್ರದೇಶದಲ್ಲಿ ಕೈಯಿಂದ ನಡೆಸುವ ಮಾಪನವೂ ಹಲವು ವರ್ಷಗಳಿಂದ ಇದೆ. ಅದರ ವಿಧಾನ ಸರಳ. ಫಿಲ್ಟರ್ ಕಾಗದವನ್ನು ತೂಗಿ ಯಂತ್ರದಲ್ಲಿಟ್ಟು ಅದರ ಮೂಲಕ ಗಾಳಿ ಎಳೆಯುತ್ತಾರೆ, ಆಮೇಲೆ ಮತ್ತೆ ತೂಗುತ್ತಾರೆ. ಹೆಚ್ಚಿದ ತೂಕವೇ ಧೂಳು. ನಿಯಮದಂತೆ ಇದು ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ನಡೆಯಬೇಕು. ಉಳಿದ 261 ದಿನಗಳಿಗೆ ಆ ಕಾಗದ ಸಾಕ್ಷಿ ಹೇಳಲಾರದು.

ಹಾಗಾದರೆ ಎಷ್ಟು ಕೇಂದ್ರ ಬೇಕು? ಕೇಂದ್ರ ಮಂಡಳಿಯ 2003ರ ಮಾರ್ಗಸೂಚಿಯಲ್ಲೇ ಲೆಕ್ಕವಿದೆ. ಒಂದರಿಂದ ಹತ್ತು ಲಕ್ಷ ಜನರಿರುವ ಊರಿನಲ್ಲಿ ಧೂಳಿನ ಕಣ ಅಳೆಯಲು 4 ಕೇಂದ್ರ, ಜೊತೆಗೆ ಪ್ರತಿ ಲಕ್ಷ ಜನರಿಗೆ 0.6ರಂತೆ ಸೇರಿಸಬೇಕು. 2011ರ ಜನಗಣತಿಯ ಹೊತ್ತಿಗೆ ಮೈಸೂರಿನ ಜನಸಂಖ್ಯೆ ಸುಮಾರು 9 ಲಕ್ಷ. ಅಂದರೆ ಆಗಲೇ ಒಂಬತ್ತು ಕೇಂದ್ರ ಬೇಕಿತ್ತು. ಅಲ್ಲಿಂದೀಚೆಗೆ ಊರು ಹೊರವರ್ತುಲ ರಸ್ತೆಯನ್ನೂ ದಾಟಿ ಬೆಳೆದಿದೆ.

ತಪ್ಪು ಕಲ್ಪನೆ 3: ಸೂಚ್ಯಂಕ ಎಂದರೆ ಈ ಕ್ಷಣದ ಗಾಳಿ, ಎಲ್ಲ ಮಾಲಿನ್ಯಗಳ ಒಟ್ಟು ಮೊತ್ತ.

ಸತ್ಯ: ಎರಡೂ ಅಲ್ಲ. 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕಕ್ಕೆ ಎಂಟು ಮಾಲಿನ್ಯಕಾರಕಗಳನ್ನು ಗುರುತಿಸಲಾಗಿದೆ: ಪಿಎಂ 10, ಪಿಎಂ 2.5 (ಎರಡೂ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು), ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್, ಓಝೋನ್, ಅಮೋನಿಯಾ ಮತ್ತು ಸೀಸ. ಒಂದೊಂದಕ್ಕೂ ಪ್ರತ್ಯೇಕ ಅಂಕ ಕೊಟ್ಟು, ಯಾವುದರ ಅಂಕ ಅತಿ ಹೆಚ್ಚೋ ಅದನ್ನೇ ಆ ಜಾಗದ ಸೂಚ್ಯಂಕವೆಂದು ಪ್ರಕಟಿಸುತ್ತಾರೆ. ಕನಿಷ್ಠ ಮೂರರ ಮಾಹಿತಿ ಇರಲೇಬೇಕು, ಅದರಲ್ಲಿ ಒಂದು ಪಿಎಂ 10 ಅಥವಾ ಪಿಎಂ 2.5 ಆಗಿರಬೇಕು.

ಕಣಗಳಿಗೆ ಹಿಂದಿನ 24 ಗಂಟೆಗಳ ಸರಾಸರಿ ಹಿಡಿಯುತ್ತಾರೆ. ಕಾರ್ಬನ್ ಮಾನಾಕ್ಸೈಡ್ ಮತ್ತು ಓಝೋನ್‌ಗೆ ಎಂಟು ಗಂಟೆ. ಹೀಗಾಗಿ ದೀಪಾವಳಿಯ ರಾತ್ರಿ ಹತ್ತು ಗಂಟೆಗೆ ಬೀದಿ ತುಂಬ ಪಟಾಕಿ ಹೊಗೆ ಇದ್ದರೂ, ಅದೇ ಹೊತ್ತಿನ ಸೂಚ್ಯಂಕದಲ್ಲಿ ಹಗಲಿನ ತಿಳಿಗಾಳಿಯ ಪಾಲೂ ಬೆರೆತಿರುತ್ತದೆ. ಮಗುವಿಗೆ ಉಬ್ಬಸವಿದ್ದರೆ ಸೂಚ್ಯಂಕದ ಬಣ್ಣವನ್ನು ಮಾತ್ರ ನಂಬಿ ಕೂರಬೇಡಿ. ಆ ಗಂಟೆಯ ಪಿಎಂ 2.5 ಎಷ್ಟೆಂದು ನೋಡಿ.

ತಪ್ಪು ಕಲ್ಪನೆ 4: ಎರಡು ಆ್ಯಪ್ ಎರಡು ಸಂಖ್ಯೆ ತೋರಿಸಿದರೆ ಒಂದು ಸುಳ್ಳು ಹೇಳುತ್ತಿದೆ.

ಸತ್ಯ: ಅಳತೆ ಒಂದೇ ಇದ್ದು ಅಳತೆಗೋಲು ಬೇರೆ ಇರಬಹುದು. ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಪಿಎಂ 2.5 ಇದ್ದರೆ ಭಾರತದ ಲೆಕ್ಕದಲ್ಲಿ ಸೂಚ್ಯಂಕ 100, ಅಂದರೆ ‘ತೃಪ್ತಿಕರ’. ಅಮೆರಿಕದ ಲೆಕ್ಕದಲ್ಲಿ ಅದೇ ಗಾಳಿ 150 ದಾಟಿ ‘ಅನಾರೋಗ್ಯಕರ’ ಆಗುತ್ತದೆ. ಕೆಲವು ಖಾಸಗಿ ಆ್ಯಪ್‌ಗಳು ಅಮೆರಿಕದ ಲೆಕ್ಕವನ್ನೇ ಬಳಸುತ್ತವೆ. ಕೇಂದ್ರವೇ ಇಲ್ಲದ ಬಡಾವಣೆಗೂ ಉಪಗ್ರಹ ಮತ್ತು ಗಣಿತದ ಮಾದರಿಗಳಿಂದ ಅಂದಾಜು ಕಟ್ಟಿ ಸಂಖ್ಯೆ ಕೊಡುವ ಆ್ಯಪ್‌ಗಳೂ ಇವೆ. ಅದು ಅಂದಾಜೇ ಹೊರತು ಮಾಪನವಲ್ಲ. ಮೈಕ್ರೋಗ್ರಾಂ ಲೆಕ್ಕ ನೋಡುವ ಅಭ್ಯಾಸ ಮಾಡಿಕೊಂಡರೆ ಗೊಂದಲ ಬಹುಪಾಲು ಕಳೆಯುತ್ತದೆ.

ತಪ್ಪು ಕಲ್ಪನೆ 5: ಕಣ್ಣಿಗೆ ಕಾಣದಿದ್ದರೆ ಮಾಲಿನ್ಯವಿಲ್ಲ, ಮುಂಜಾವಿನ ಗಾಳಿ ಯಾವಾಗಲೂ ಶುದ್ಧ.

ಸತ್ಯ: ಪಿಎಂ 2.5 ಕಣದ ಗಾತ್ರ ತಲೆಕೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು. ಅದು ಮೂಗಿನ ಕೂದಲನ್ನೂ ಗಂಟಲನ್ನೂ ದಾಟಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಬರಿಗಣ್ಣಿಗೆ ಅದು ಬಿಡಿಯಾಗಿ ಕಾಣುವುದೇ ಇಲ್ಲ.

ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ. ತಣ್ಣನೆಯ ಗಾಳಿ ಕೆಳಗೆ, ಅದಕ್ಕಿಂತ ಬೆಚ್ಚನೆಯದು ಮೇಲೆ ನಿಂತು, ಪಾತ್ರೆಗೆ ತಟ್ಟೆ ಮುಚ್ಚಿದಂತಾಗುತ್ತದೆ. ಹಿಂದಿನ ಸಂಜೆಯ ವಾಹನದ ಹೊಗೆ, ಹಂಡೆಯ ಒಲೆಯ ಹೊಗೆ, ಕಸ ಸುಟ್ಟ ಹೊಗೆ ಮೇಲೇರಲಾಗದೆ ನೆಲದ ಹತ್ತಿರವೇ ಉಳಿಯುತ್ತವೆ. ಬಿಸಿಲೇರಿ ನೆಲ ಕಾದ ಮೇಲೆ ಈ ಮುಚ್ಚಳ ಸರಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಎದೆಯ ತೊಂದರೆ ಇರುವವರು ನಡಿಗೆಯನ್ನು ಸ್ವಲ್ಪ ಬಿಸಿಲು ಬಿದ್ದ ಮೇಲಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ತಪ್ಪು ಕಲ್ಪನೆ 6: ಸರ್ಕಾರದ ಮಲಿನ ನಗರಗಳ ಪಟ್ಟಿಯಲ್ಲಿ ಮೈಸೂರಿಲ್ಲ, ಹಾಗಾಗಿ ಚಿಂತೆಯಿಲ್ಲ.

ಸತ್ಯ: 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಇರುವುದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ ಮತ್ತು ಕಲಬುರಗಿ. ಮೈಸೂರು ಇಲ್ಲ ಎಂಬುದು ನಿಜ. ಆದರೆ ಪಟ್ಟಿ ಹೇಳುವುದು ದೇಶದ ಮಿತಿಯನ್ನು ಸತತವಾಗಿ ಮೀರಿದ ನಗರಗಳನ್ನು. 2009ರಲ್ಲಿ ನಿಗದಿಯಾದ ನಮ್ಮ ಮಿತಿಯಲ್ಲಿ ಪಿಎಂ 2.5ರ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂವರೆಗೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಅಂದರೆ ನಮ್ಮ ಕಾನೂನು ಒಪ್ಪುವ ಗಾಳಿಯಲ್ಲಿ ಆರೋಗ್ಯ ಸಂಸ್ಥೆ ಸೂಚಿಸಿದ್ದಕ್ಕಿಂತ ಎಂಟು ಪಟ್ಟು ಕಣವಿರಬಹುದು. ಇದಕ್ಕೂ ಮುಖ್ಯವಾದ ಮಾತೊಂದಿದೆ. ಒಂದು ಊರು ಪಟ್ಟಿಗೆ ಸೇರುವುದು ಅಳತೆಯ ಆಧಾರದ ಮೇಲೆ. ಅಳೆಯದ ಬಡಾವಣೆಯ ಗಾಳಿ ಯಾವ ಪಟ್ಟಿಗೂ ಬರುವುದಿಲ್ಲ.

ತಪ್ಪು ಕಲ್ಪನೆ 7: ಅಗ್ಗದ ಸೆನ್ಸರ್ ಹಾಕಿಬಿಟ್ಟರೆ ಸಾಕು.

ಸತ್ಯ: ಕೆಲವೇ ಸಾವಿರ ರೂಪಾಯಿಯ ಸೆನ್ಸರ್ ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುವುದನ್ನು ನೋಡಿ ಲೆಕ್ಕ ಹಾಕುತ್ತದೆ. ತೇವ ಹೆಚ್ಚಿದ್ದಾಗ ಕಣ ನೀರು ಹೀರಿ ಉಬ್ಬುತ್ತದೆ, ಸೆನ್ಸರ್ ಹೆಚ್ಚು ತೋರಿಸುತ್ತದೆ. ಮಂಡಳಿಯ ಯಂತ್ರದ ಪಕ್ಕದಲ್ಲಿಟ್ಟು ಹೋಲಿಸಿ ಸರಿಪಡಿಸಿಕೊಂಡರೆ ಮಾತ್ರ, ಊರಿನ ಯಾವ ಮೂಲೆಯಲ್ಲಿ ಯಾವ ಹೊತ್ತಿಗೆ ಹೊಗೆ ಏರುತ್ತದೆಂದು ತಿಳಿಯಲು ಅದು ಚೆನ್ನಾಗಿ ನೆರವಾಗುತ್ತದೆ. ಶಾಲೆ, ಕಾಲೇಜುಗಳು ಮಂಡಳಿಯ ಜೊತೆ ಸೇರಿ ಮಾಡಬಹುದಾದ ಕೆಲಸ ಇದು.

ಈಗ ನಮ್ಮ ಪಾಲಿನ ಮಾತು. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ನಿಷೇಧಿಸಿದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಹೂಡಿದ ಪ್ರಕರಣದಲ್ಲಿ ಬಂದ ಆ ಆದೇಶದಂತೆ ಸಣ್ಣ ಪ್ರಮಾಣದಲ್ಲಿ ಸುಟ್ಟರೆ 5,000 ರೂಪಾಯಿ, ರಾಶಿಗೆ ಬೆಂಕಿ ಹಚ್ಚಿದರೆ 25,000 ರೂಪಾಯಿ ದಂಡ. ನಿಮ್ಮ ಬೀದಿಯಲ್ಲಿ ತರಗೆಲೆ ಸುಡುವುದು ಕಂಡರೆ ತಡೆಯಿರಿ, ಪಾಲಿಕೆಗೆ ತಿಳಿಸಿ. ಆ್ಯಪ್ ತೆರೆದಾಗ ಸಂಖ್ಯೆಗಿಂತ ಮೊದಲು ಕೇಂದ್ರದ ಹೆಸರು ಓದಿ. ಪಾಲಿಕೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆದು ಒಂದೇ ಪ್ರಶ್ನೆ ಕೇಳಿ: ನಮ್ಮ ಬಡಾವಣೆಯ ಗಾಳಿಯನ್ನು ಅಳೆಯುವುದು ಯಾವಾಗ? ಒಂದೇ ಕೇಂದ್ರದ ಸಂಖ್ಯೆ ಇಡೀ ಮೈಸೂರಿಗೆ ಸಾಲದು.