ಕ್ಯೂಆರ್ ಫಲಕ ಕಲಿಸಿದ ಪಾಠ

ಆನೇಕಲ್ ಪೇಟೆಯಿಂದ ಚಂದಾಪುರ, ಬೊಮ್ಮಸಂದ್ರ, ಜಿಗಣಿಯವರೆಗೆ ದಿನಸಿ ಅಂಗಡಿ, ಬೇಕರಿ, ಬಿಡಿಭಾಗಗಳ ಮಳಿಗೆ ಯಾವುದೇ ಇರಲಿ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕ್ಯೂಆರ್ ಫಲಕ ಕಾಣಸಿಗುವುದು ಸಾಮಾನ್ಯ. ಸಣ್ಣ ವರ್ತಕರು ಅದನ್ನು ಇಡಲೇಬೇಕೆಂದು ಯಾವ ಕಾನೂನೂ ವಿಧಿಸಿರಲಿಲ್ಲ. ಆದರೂ ಅದು ಬಂದದ್ದು ಹೇಗೆ, 2025ರ ಜುಲೈನಲ್ಲಿ ಬೆಂಗಳೂರಿನ ಹಲವು ಅಂಗಡಿಗಳಿಂದ ಮರೆಯಾದದ್ದು ಏಕೆ ಎಂಬುದು ವರ್ತಕ ಬಾಂಧವರು ಮನಗಾಣಬೇಕಾದ ವಿಷಯವಾಗಿದೆ.

ಮೃದು ಪ್ರೇರಣೆಯ ನೀತಿ

ದಂಡನೆಯಿಲ್ಲದೆ, ಆಯ್ಕೆಯನ್ನು ಕಸಿಯದೆ, ಜನರನ್ನು ಒಂದು ದಿಕ್ಕಿಗೆ ಒಲಿಸುವುದನ್ನು ಅರ್ಥಶಾಸ್ತ್ರಜ್ಞರು ‘ನಡ್ಜ್’ ಎನ್ನುತ್ತಾರೆ. ಈ ವಿಚಾರಧಾರೆಯ ಪ್ರಮುಖರಾದ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಕೇಂದ್ರ ಸರ್ಕಾರದ 2018-19ರ ಆರ್ಥಿಕ ಸಮೀಕ್ಷೆಯು ಇದಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿತ್ತು.

ಡಿಜಿಟಲ್ ಪಾವತಿಯಲ್ಲಿ ಇಂಥ ಪ್ರೇರಣೆಯ ಜೊತೆಗೆ ನೇರ ಲಾಭವನ್ನೂ ತೋರಿಸಲಾಯಿತು. 2017ರ ಹಣಕಾಸು ಕಾಯ್ದೆಯು ಆದಾಯ ತೆರಿಗೆಯ 44ಎಡಿ ಕಲಮಿಗೆ ತಿದ್ದುಪಡಿ ತಂದು, ಬ್ಯಾಂಕ್ ಮೂಲಕ ಬಂದ ವಹಿವಾಟಿಗೆ ಅಂದಾಜು ಲಾಭವನ್ನು ಶೇ. 8ರಿಂದ ಶೇ. 6ಕ್ಕೆ ಇಳಿಸಿತು. ರೂ. 50 ಲಕ್ಷ ವಹಿವಾಟೂ ಹೀಗೆಯೇ ಬಂದರೆ, ಅಂದಾಜು ಲಾಭ ರೂ. 4 ಲಕ್ಷದ ಬದಲು ರೂ. 3 ಲಕ್ಷವಾಯಿತು. 2020ರ ಜನವರಿಯಿಂದ ಯುಪಿಐ ಪಾವತಿಗೆ ವರ್ತಕರ ಮೇಲಿನ ಶುಲ್ಕವೂ ರದ್ದಾಯಿತು.

ನೋಟಿಸು ಬಂದಾಗ

2025ರಲ್ಲಿ ರಾಜ್ಯ ವಾಣಿಜ್ಯ ತೆರಿಗೆ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ಮಾಹಿತಿಯನ್ನು ಆಧರಿಸಿ, ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ವರ್ತಕರಿಗೆ ನೋಟಿಸು ನೀಡಿತು. ಒಲಿಸಿ ತರಿಸಿದ ಫಲಕವೇ ಸಾಕ್ಷ್ಯವಾಯಿತು. ಲಾಭದ ಹಿಗ್ಗಿಗಿಂತ ಅಷ್ಟೇ ನಷ್ಟದ ಭಯ ದೊಡ್ಡದೆಂಬುದು ಈ ಶಾಸ್ತ್ರದ ಮೂಲಪಾಠ. ಹಲವರು ಫಲಕ ತೆಗೆದು ‘ನಗದು ಮಾತ್ರ’ ಎಂದು ಬರೆದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು, ನೋಂದಣಿ ಮಾಡಿಸಿಕೊಳ್ಳಬೇಕೆಂಬ ಷರತ್ತಿನೊಡನೆ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಪ್ರಕಟಿಸಿದರು.

ವರ್ತಕರು ಗಮನಿಸಬೇಕಾದುದು

ಇಲಾಖೆಯ ಕ್ರಮ ಕಾನೂನಿಗೆ ಹೊರತಾಗಿರಲಿಲ್ಲ. ಸರಕಿಗೆ ರೂ. 40 ಲಕ್ಷ, ಸೇವೆಗೆ ರೂ. 20 ಲಕ್ಷದ ಮಿತಿ ದಾಟಿದರೆ ನೋಂದಣಿ ಕಡ್ಡಾಯ. ನಗದಾಗಲಿ ಯುಪಿಐ ಆಗಲಿ, ವಹಿವಾಟು ವಹಿವಾಟೇ. ಫಲಕ ತೆಗೆದರೆ ಹೊಣೆ ಕಡಿಮೆಯಾಗದು. ಹಾಲು, ತರಕಾರಿಯಂಥ ವಿನಾಯಿತಿ ಪಡೆದ ಸರಕನ್ನಷ್ಟೇ ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ಜೊತೆಗೆ ತೆರಿಗೆಯುಳ್ಳ ಸರಕನ್ನೂ ಮಾರುವವರು ಮಿತಿಯನ್ನು ಲೆಕ್ಕ ಹಾಕುವಾಗ ಎರಡನ್ನೂ ಕೂಡಿಸಬೇಕು.

ಸಕಾಲದಲ್ಲಿ ರಾಜಿ ತೆರಿಗೆ ಪದ್ಧತಿಗೆ ಸೇರಿದ ವರ್ತಕನಿಗೆ ತೆರಿಗೆ ಶೇ. 1 ಮಾತ್ರ. ತೆರಿಗೆಯುಳ್ಳ ರೂ. 50 ಲಕ್ಷ ಮಾರಾಟಕ್ಕೆ ರೂ. 50 ಸಾವಿರ. ಶೇ. 18ರ ಸರಕಾಗಿದ್ದು ನೋಂದಣಿಯಿಲ್ಲದೆ ಸಿಕ್ಕಿಬಿದ್ದರೆ ಬೇಡಿಕೆ ರೂ. 9 ಲಕ್ಷಕ್ಕೇರಬಹುದು, ಬಡ್ಡಿ, ದಂಡ ಬೇರೆ. ಕೈಸಾಲ, ಮನೆಮಂದಿಯ ಹಣ ಅಂಗಡಿಯ ಖಾತೆಗೇ ಬಂದರೆ ಅದೂ ಮಾರಾಟವೆಂದೇ ಕಾಣುತ್ತದೆ. ಆದ್ದರಿಂದ ವ್ಯಾಪಾರಕ್ಕೆ ಪ್ರತ್ಯೇಕ ಖಾತೆ, ದಿನವಹಿ ಲೆಕ್ಕ ಅತ್ಯಗತ್ಯ.

ಸರ್ಕಾರಕ್ಕೂ ಇಲ್ಲಿ ಪಾಠವಿದೆ. ಪ್ರೇರಣೆ ನಿಂತಿರುವುದು ನಂಬಿಕೆಯ ಮೇಲೆ. ಮಿತಿ ಸಮೀಪಿಸುತ್ತಿದ್ದಂತೆಯೇ ಒಂದು ಎಚ್ಚರಿಕೆಯ ಪತ್ರ ಬಂದಿದ್ದರೆ, ನಾಲ್ಕು ವರ್ಷಗಳ ನಂತರದ ನೋಟಿಸಿಗಿಂತ ಹೆಚ್ಚು ನೋಂದಣಿಯೂ ತೆರಿಗೆಯೂ ಸಂದಾಯವಾಗುತ್ತಿದ್ದವು ಎಂಬ ವಾದದಲ್ಲಿ ಹುರುಳಿದೆ.