ನೋವಿನ ಡೈರಿಗೆ ಆಟದ ನೆರವು

ದೀರ್ಘಕಾಲದ ನೋವಿನಿಂದ ಬಳಲುತ್ತಿದ್ದ 80 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2002ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. ದಿನಕ್ಕೆ ಮೂರು ಸಲ, ಗೊತ್ತುಪಡಿಸಿದ ಹೊತ್ತಿಗೆ, ನೋವು ಎಷ್ಟಿದೆಯೆಂದು ಬರೆದಿಡುವುದು ಅವರ ಕೆಲಸ. ಕಾಗದದ ಡೈರಿಗಳನ್ನು ನಂಬಿದರೆ ಶೇ 90ರಷ್ಟು ನಮೂದುಗಳು ಹೊತ್ತಿಗೆ ಸರಿಯಾಗಿ ಆಗಿದ್ದವು. ಆದರೆ ಡೈರಿ ತೆರೆದಾಗಲೆಲ್ಲ ಗುರುತು ಹಾಕಿಕೊಳ್ಳುವ ಬೆಳಕಿನ ಸೆನ್ಸರನ್ನು ಅದರೊಳಗೆ ಅಡಗಿಸಿಡಲಾಗಿತ್ತು. ಅದರ ಲೆಕ್ಕದಲ್ಲಿ ಹೊತ್ತಿಗೆ ಸರಿಯಾಗಿ ಬರೆದದ್ದು ಶೇ 11 ಮಾತ್ರ. ನೆನಪಿಸುವ ಎಲೆಕ್ಟ್ರಾನಿಕ್ ಡೈರಿ ಪಡೆದವರಲ್ಲಿ ಇದೇ ಪ್ರಮಾಣ ಶೇ 94. ರೋಗಿಗಳನ್ನು ಸುಳ್ಳರೆಂದು ಬೈಯುವುದು ಸುಲಭ, ಆದರೆ ಅನ್ಯಾಯ. ನೋವು ತಿನ್ನುತ್ತಿರುವವರಿಗೆ ಅಷ್ಟು ನೀರಸವಾದ ಕೆಲಸ ವಹಿಸಿದ್ದೇ ತಪ್ಪು. ಆದರೂ ಔಷಧವೊಂದು ಕೆಲಸ ಮಾಡುತ್ತದೋ ಇಲ್ಲವೋ ಎಂಬ ತೀರ್ಪು ಅನೇಕ ಸಲ ಇಂಥ ನಮೂದುಗಳನ್ನೇ ನೆಚ್ಚಿಕೊಂಡಿರುತ್ತದೆ.

ವೈದ್ಯಕೀಯ ಸಂಶೋಧನೆಯಲ್ಲಿ ಆಟಕ್ಕೆ ಜಾಗ ಇರುವುದು ಇಲ್ಲಿ, ಈ ಬೇಸರದ ಹತ್ತಿರ. ಕೆನಡಾದ ಟೊರಾಂಟೊದಲ್ಲಿರುವ ಸಿಕ್‌ಕಿಡ್ಸ್ ಆಸ್ಪತ್ರೆಯವರು ಕ್ಯಾನ್ಸರ್ ಪೀಡಿತ ಮಕ್ಕಳಿಗಾಗಿ ‘ಪೇನ್ ಸ್ಕ್ವಾಡ್’ ಎಂಬ ಆ್ಯಪ್ ರೂಪಿಸಿದರು. ಮಗು ಇಲ್ಲಿ ನೋವನ್ನು ಬೆನ್ನಟ್ಟುವ ಪೊಲೀಸ್ ಪಡೆಯ ಸದಸ್ಯ. ದಿನಕ್ಕೆರಡು ಸಲ ನೋವಿನ ವರದಿ ಒಪ್ಪಿಸಬೇಕು. ತಪ್ಪದೆ ಒಪ್ಪಿಸುತ್ತ ಹೋದರೆ ಬಡ್ತಿ ಸಿಗುತ್ತದೆ, ಟಿವಿ ಧಾರಾವಾಹಿಗಳಲ್ಲಿ ಪೊಲೀಸರಾಗಿ ನಟಿಸುವವರು ವಿಡಿಯೊದಲ್ಲಿ ಬಂದು ಬೆನ್ನು ತಟ್ಟುತ್ತಾರೆ. ಎರಡು ವಾರಗಳ ಆರಂಭಿಕ ಪರೀಕ್ಷೆಯಲ್ಲಿ ಸರಾಸರಿ ಶೇ 81ರಷ್ಟು ವರದಿಗಳು ಬಂದವು. ಇದರ ಜಾಣತನ ಪೊಲೀಸ್ ವೇಷದಲ್ಲಿಲ್ಲ. ಬಡ್ತಿ ಸಿಗುವುದು ವರದಿ ಮಾಡಿದ್ದಕ್ಕೆ, ನೋವು ಕಡಿಮೆಯಾಗಿದೆ ಎಂದದ್ದಕ್ಕಲ್ಲ. ಈ ಗೆರೆ ಅಳಿಸಿದರೆ ಮಗು ಬಹುಮಾನದ ಆಸೆಗೆ ನೋವನ್ನೇ ತಿದ್ದಿ ಬರೆದೀತು, ಅಂಥ ಆಟಕ್ಕಿಂತ ಹಳೆಯ ಕಾಗದದ ಡೈರಿಯೇ ವಾಸಿ. ಗಂಭೀರ ರೋಗವನ್ನು ಆಟವಾಗಿಸುವುದು ಹಗುರತನವಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲಿ ಆಟವಾಗಿರುವುದು ರೋಗವಲ್ಲ, ಫಾರಂ ತುಂಬುವ ಕೆಲಸ. ಅದಕ್ಕೆ ಅಂಥ ಘನತೆಯೇನೂ ಇರಲಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಆಟವೇ ಮನಸ್ಸನ್ನು ಹುರಿದುಂಬಿಸಿದರೆ ಔಷಧದ ಗುಣ ಯಾವುದು, ಆಟದ ಗುಣ ಯಾವುದು? ಔಷಧದ ಪ್ರಯೋಗದಲ್ಲಿ ಎರಡೂ ಗುಂಪಿಗೆ ಒಂದೇ ಆಟ ಕೊಟ್ಟರೆ ಗೊಂದಲ ಬಹುಮಟ್ಟಿಗೆ ತೀರುತ್ತದೆ. ಆಟವನ್ನೇ ಪರೀಕ್ಷಿಸುವಾಗ ಹೋಲಿಕೆಗೆ ಬೇರೊಂದು ಆಟ ಬೇಕು. 2008ರಲ್ಲಿ ಪ್ರಕಟವಾದ, ‘ರೀ-ಮಿಷನ್’ ಎಂಬ ವಿಡಿಯೊ ಗೇಮ್‌ನ ಪ್ರಯೋಗದಲ್ಲಿ ಹಾಗೇ ಮಾಡಿದರು. ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದ 13ರಿಂದ 29 ವರ್ಷದ 375 ಮಂದಿಯಲ್ಲಿ ಎಲ್ಲರಿಗೂ ಒಂದು ಸಾಧಾರಣ ವಿಡಿಯೊ ಗೇಮ್ ಕೊಟ್ಟು, ಒಂದು ಗುಂಪಿಗೆ ಮಾತ್ರ ಕ್ಯಾನ್ಸರ್ ಕೋಶಗಳನ್ನು ಹೊಡೆದುರುಳಿಸುವ ಈ ಆಟವನ್ನೂ ಕೊಟ್ಟರು. ಸೋಂಕು ತಡೆಯುವ ಮಾತ್ರೆಯ ಸೇವನೆ, ಎಲೆಕ್ಟ್ರಾನಿಕ್ ಮಾಪನದ ಪ್ರಕಾರ, ಆ ಗುಂಪಿನಲ್ಲಿ ಶೇ 16ರಷ್ಟು ಹೆಚ್ಚಿತು. ವಿಚಿತ್ರವೆಂದರೆ, ಮಾತ್ರೆ ತೆಗೆದುಕೊಂಡಿರಾ ಎಂದು ಅವರನ್ನೇ ಕೇಳಿದಾಗ ಎರಡು ಗುಂಪುಗಳ ಉತ್ತರದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆಟ ನಡವಳಿಕೆಯನ್ನು ಬದಲಿಸಬಲ್ಲದು. ಆ ಬದಲಾವಣೆಯನ್ನು ಅಳೆಯುವ ಕೆಲಸವನ್ನು ಮಾತ್ರ ಬರೀ ಮಾತಿಗೆ ಬಿಡಬಾರದು.

ಆಟದ ಶಕ್ತಿಯನ್ನು ಉಬ್ಬಿಸಿ ಹೇಳುವುದೂ ಬೇಡ. ಮೊಬೈಲ್ ಮೂಲಕ ನಡೆದ ಎಂಟು ಅಧ್ಯಯನಗಳ ಒಂದು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು 2020ರಲ್ಲಿ ಒಟ್ಟಿಗೆ ವಿಶ್ಲೇಷಿಸಿದಾಗ, ಅರ್ಧದಷ್ಟು ಜನ ಆರನೆಯ ದಿನದೊಳಗೇ ಕೈಬಿಟ್ಟಿದ್ದು ಕಂಡಿತು. ಹೆಚ್ಚು ಕಾಲ ಉಳಿದವರು ವೈದ್ಯರು ಕಳಿಸಿದವರು, ಭತ್ಯೆ ಸಿಕ್ಕವರು, ಆ ಕಾಯಿಲೆ ತಮಗೇ ಇದ್ದವರು. ಅರವತ್ತು ದಾಟಿದವರೂ ಕಿರಿಯರಿಗಿಂತ ಹೆಚ್ಚು ದಿನ ಉಳಿದರು. ಮುದುಕರಿಗೆ ಮೊಬೈಲ್ ಒಗ್ಗದು ಎನ್ನುವವರು ಇದನ್ನು ಗಮನಿಸಬೇಕು. ವೈದ್ಯರ ಒಂದು ಮಾತು ಮಾಡುವ ಕೆಲಸವನ್ನು ಬಣ್ಣದ ಪದಕಗಳಿಂದ ಮಾಡಿಸಲು ಹೊರಡುವುದು ದುಡ್ಡು ದಂಡ.

ಎಲ್ಲಕ್ಕಿಂತ ದೊಡ್ಡ ಅಪಾಯ, ಆಟ ತುಂಬ ಚೆನ್ನಾಗಿ ಕೆಲಸ ಮಾಡಿದಾಗ ಎದುರಾಗುತ್ತದೆ. ಯಾವ ಗಳಿಗೆಯಲ್ಲಾದರೂ ಪ್ರಯೋಗದಿಂದ ಹೊರಬರುವ ಹಕ್ಕು ರೋಗಿಗಿದೆ. ವೈದ್ಯಕೀಯ ಸಂಶೋಧನೆಯ ನೀತಿಸೂತ್ರಗಳಾದ ಹೆಲ್ಸಿಂಕಿ ಘೋಷಣೆ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಒಂದು ದಿನ ತಪ್ಪಿದರೆ ಸತತ ದಿನಗಳ ಸಾಲು ಮುರಿಯುತ್ತದೆ, ಗಳಿಸಿದ್ದೆಲ್ಲ ಹೋಗುತ್ತದೆ, ತಂಡದವರು ಹಿಂದುಳಿಯುತ್ತಾರೆ ಎಂದು ಹೆದರಿಸುವ ಆಟ ಆ ಹಕ್ಕನ್ನು ಸದ್ದಿಲ್ಲದೆ ಕೊರೆಯುತ್ತದೆ. ಔಷಧದ ಅಡ್ಡಪರಿಣಾಮದಿಂದ ತತ್ತರಿಸುತ್ತಿರುವ ವ್ಯಕ್ತಿ ಅಂಕ ಕಳೆದುಕೊಳ್ಳುವ ಅಳುಕಿನಿಂದ ಇನ್ನೊಂದು ವಾರ ಸಹಿಸಿಕೊಂಡರೆ ಅದನ್ನು ಪಾಲ್ಗೊಳ್ಳುವಿಕೆ ಎನ್ನಲಾಗದು. ಆದ್ದರಿಂದ ನೈತಿಕ ಸಮಿತಿಗಳು ಒಪ್ಪಿಗೆ ಪತ್ರದ ಒಕ್ಕಣೆಯನ್ನು ಓದುವಷ್ಟೇ ಎಚ್ಚರದಿಂದ ಆಟದ ಒಂದೊಂದು ಪರದೆಯನ್ನೂ ನೋಡಬೇಕು: ಅಂಕ ಯಾವುದಕ್ಕೆ ಸಿಗುತ್ತದೆ, ಏನು ಮಾಡಿದರೆ ಹೋಗುತ್ತದೆ, ಹೊರಹೋಗುವ ಗುಂಡಿ ಎಲ್ಲಿದೆ, ಅದನ್ನು ಒತ್ತಿದವರಿಗೆ ಆ್ಯಪ್ ಏನು ಹೇಳುತ್ತದೆ.